ಗೇರಿನ ಹಲ್ಲಿಗೆ ಅಂಟಿದ ನೀಲಿ

ಶುಕ್ರವಾರ ಬೆಳಿಗ್ಗೆ ಏಳೂವರೆ. ಗೌಹರ್ ಹಿತ್ತಲಲ್ಲಿ ಕೂತು ಮಗಳ ಬಿಳಿ ಅಂಗಿಗೆ ನೀಲಿ ಹಾಕುತ್ತಿದ್ದಳು. ಶನಿವಾರ ಶಾಲೆಗೆ ಬಿಳಿಯೇ ಆಗಬೇಕು. ನೀಲಿ ಪುಡಿಯನ್ನು ಚಿಂದಿಯಲ್ಲಿ ಗಂಟು ಕಟ್ಟಿ ಬಕೆಟ್ಟಿನ ನೀರಿಗೆ ಅದ್ದಬೇಕು. ಅಂಗಿಯನ್ನು ಒಂದೇ ಸಲ ಮುಳುಗಿಸಿ ಎತ್ತಬೇಕು. ತಡವಾಯಿತೋ, ಬಿಳಿ ಅಂಗಿ ಆಕಾಶದ ಬಣ್ಣಕ್ಕೆ ತಿರುಗುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಈ ಹದ ಹೇಳಿಕೊಟ್ಟವರು ಶೆಟ್ಟಿಹಳ್ಳಿಯ ಗೋಪಾಲಮ್ಮ, ಗಂಡನ ಗುರುಗಳ ಹೆಂಡತಿ. "ನಮ್ಮನೇಲಿ ನೀಲಿ ಬಟ್ಟೆಗೆ ಉಳಿಯೋದೇ ಕಷ್ಟ ಕಣಮ್ಮ" ಎಂದು ಆಗ ಆಕೆ ನಕ್ಕಿದ್ದರು. ಯಾಕೆಂದು ಗೌಹರ್ ಕೇಳಿರಲಿಲ್ಲ.

ಅಂಗಿ ನೀರಿಗೆ ಇಳಿದಿತ್ತಷ್ಟೆ. ಮುಂದಿನ ವರ್ಕ್‌ಶಾಪಿನಿಂದ ಏರಿದ ದನಿ ಕೇಳಿಸಿತು. ಗೌಹರ್ ಒದ್ದೆ ಕೈಯಲ್ಲೇ ಎದ್ದು ಓಡಿದಳು. ಅಂಗಿ ಬಕೆಟ್ಟಿನಲ್ಲೇ ಉಳಿಯಿತು.

ಅಮೃತಹಳ್ಳಿಯ ಆ ಗಲ್ಲಿಯಲ್ಲಿ ಮುಂದೆ ವರ್ಕ್‌ಶಾಪು, ಹಿಂದೆ ಎರಡು ಕೋಣೆಯ ಮನೆ. ಗಂಡ ಮನ್ಸೂರ್ ಜೀಪುಗಳ ಆಕ್ಸಲ್ ಬಿಚ್ಚಿ ಒಳಗಿನ ಗೇರು ಬದಲಿಸುವವನು. ಕಾಡು, ಕೆಸರು, ಬಂಡೆ ಹತ್ತಿಸುವ ಹುಚ್ಚಿನವರು ಜಕ್ಕೂರಿನಿಂದ ಹೆಬ್ಬಾಳದವರೆಗೆ ಎಷ್ಟೋ ಜನರಿದ್ದರು. ಎಲ್ಲರೂ ಗಾಡಿಯ ಕೀಲಿಯನ್ನು ಅವನ ಕೈಗೆ ಕೊಟ್ಟು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಆ ನೆಮ್ಮದಿಯೇ ಮನ್ಸೂರನ ಆಸ್ತಿ.

ಒಳಗೆ ಮುನೇಶ್ ನಿಂತಿದ್ದ. ಊರಿನ ಹಳೆಯ ಮನೆತನದ ರಾಮಕೃಷ್ಣಪ್ಪನವರ ಮಗ. ಅಪ್ಪನ ಕಾಲದ ಜೀಪಿಗೆ ಎದೆಯೆತ್ತರದ ಚಕ್ರ ಹಾಕಿಸಿದ್ದ. ಅಷ್ಟು ದೊಡ್ಡ ಚಕ್ರವನ್ನು ಹಳೆಯ ಗೇರು ಎಳೆಯದು. ಅದಕ್ಕೇ ನಾಲ್ಕು ತಿಂಗಳು ಕಾದು, ಮುಂದಿನ ಆಕ್ಸಲ್‌ಗೊಂದು ಹಿಂದಿನದಕ್ಕೊಂದು ಹೊಸ ಗೇರಿನ ಜೋಡಿ ಹೊರದೇಶದಿಂದ ತರಿಸಿದ್ದ. ಸೋಮವಾರ ಬಂದ ಎರಡು ಪೆಟ್ಟಿಗೆಗಳನ್ನು ಮನ್ಸೂರ್ ತೆರೆದು ನೋಡಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಕೆಲಸ ಮುಂದಿನ ತಿಂಗಳು ಎಂದು ಮಾತಾಗಿತ್ತು. ಜೀಪು ಪಂದ್ಯ ಗೊತ್ತಾದ ದಿನಕ್ಕಿಂತ ಮೊದಲೇ ನಡೆಯುತ್ತದೆಂದು ಮುನೇಶ್ ಇವತ್ತೇ ಬಂದುಬಿಟ್ಟಿದ್ದ.

ಒಂದು ಪೆಟ್ಟಿಗೆಯಲ್ಲಿ ಹೊಸ ಗೇರು ಮಿನುಗುತ್ತಿತ್ತು. ಇನ್ನೊಂದರಲ್ಲಿದ್ದುದು ಅದೇ ಅಳತೆಯ, ಅಷ್ಟೇ ಹಲ್ಲಿನ, ಆದರೆ ಓಡಿ ಕೆಟ್ಟ ಗೇರು. ಹಲ್ಲೊಂದು ಮುರಿದಿತ್ತು.

"ಬೀಗ ಒಡೆದಿಲ್ಲ. ಕೀಲಿ ನಿನ್ ಹತ್ರ. ನೀನೇ ಹೇಳು ಮನ್ಸೂರ್, ನಾನೇನ್ ತಿಳ್ಕೋಬೇಕು?" ಎಂದ ಮುನೇಶ್.

ಮನ್ಸೂರ್ ಮುರಿದ ಗೇರನ್ನು ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದ. ಮೂಗಿನ ಹತ್ತಿರ ತಂದ. ಅವನ ಮುಖದ ರಕ್ತ ಇಳಿದುಹೋದದ್ದನ್ನು ಗೌಹರ್ ಕಂಡಳು. ಮರುಕ್ಷಣ ಅವನು ಹೆಗಲ ಮೇಲಿನ ಚಿಂದಿ ತೆಗೆದು ಗೇರಿನ ಹಲ್ಲುಗಳನ್ನು ಒರೆಸತೊಡಗಿದ. ಒಂದೊಂದೇ ಹಲ್ಲು, ಅವಸರವಾಗಿ. ಚಿಂದಿ ನೀಲಿಯಾಯಿತು.

"ಏಯ್, ಯಾಕ್ ಒರೆಸ್ತಿದೀಯ? ಆ ಬಣ್ಣ ಏನದು?" ಮುನೇಶ್ ಅವನ ಕೈ ಹಿಡಿದ. ಹಲ್ಲಿನ ಬುಡದಲ್ಲಿ ಇನ್ನೂ ನೀಲಿ ಅಂಟಿತ್ತು.

ಗೇರು ಕೂರಿಸುವವರು ನಾಲ್ಕಾರು ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ನೋಡುತ್ತಾರೆ. ಹಲ್ಲು ಹಲ್ಲಿಗೆ ಎಲ್ಲಿ ಕಚ್ಚುತ್ತದೋ ಅಲ್ಲಿ ಬಣ್ಣ ಅಳಿಯುತ್ತದೆ. ಆ ಗುರುತು ಹಲ್ಲಿನ ನಟ್ಟನಡುವೆ ಬೀಳಬೇಕು. ಮನ್ಸೂರ್ ಬಳಿಯುವುದು ಹಳದಿ. ನೀಲಿ ಬಳಿಯುವವನು ಅವನ ತಮ್ಮ ಜೀಷಾನ್. ಹೋದ ವರ್ಷ ಜಗಳವಾಡಿ ಹೋಗಿ ಯಲಹಂಕದಲ್ಲಿ ಬೇರೆ ಅಂಗಡಿ ತೆರೆದವನು.

"ಅಣ್ಣ ತಮ್ಮ ಸೇರಿ ಆಡಿದ ಆಟ" ಎಂದ ಮುನೇಶ್. ಪೊಲೀಸ್ ಠಾಣೆಗೆ ಹೋಗುವುದಾಗಿ, ಜೀಪಿನವರಿಗೆಲ್ಲ ಫೋನ್ ಮಾಡುವುದಾಗಿ ಹೇಳಿ ಮೊಬೈಲು ತೆಗೆದ.

ಅಷ್ಟರಲ್ಲಿ ರಾಮಕೃಷ್ಣಪ್ಪ ಬಂದರು. ನಡೆದದ್ದನ್ನು ಕೇಳಿಕೊಂಡರು. ಮಗನ ಕೈಯಿಂದ ಫೋನು ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

"ಇಂಗೆಲ್ಲ ಅವಸರ ಮಾಡ್ಬಾರದು. ನಾಳೆ ಅತ್ತು ಗಂಟೆಗಂಟ ಬಿಡು. ಶೆಟ್ಟಿಹಳ್ಳಿ ವೆಂಕಟರಾಮಯ್ಯನ್ನ ಕರುಸ್ತೀನಿ. ಗೇರು ನೋಡಿ ಕೈ ಯಾರ್ದು ಅಂತ ಏಳೋರು ಅವರೊಬ್ರೇ. ಅವರು ಏಳಿದ್ದೇ ನ್ಯಾಯ. ಆಮೇಲೆ ಠಾಣೆ."

ಆ ಹೆಸರು ಕೇಳಿ ಮನ್ಸೂರ್ ತಲೆ ಇನ್ನೂ ತಗ್ಗಿಸಿದ. ವೆಂಕಟರಾಮಯ್ಯ ಅವನ ಉಸ್ತಾದ್. ಯಶವಂತಪುರದ ಷೆಡ್ಡಿನಲ್ಲಿ ಹದಿನಾಲ್ಕು ವರ್ಷ ಅವನಿಗೆ ಕೆಲಸ ಕಲಿಸಿದವರು.

ಬಾಗಿಲಲ್ಲಿ ಎಂಟು ವರ್ಷದ ಜೋಯಾ ಬ್ಯಾಗು ಹೊತ್ತು ನಿಂತಿದ್ದಳು. "ಅಮ್ಮೀ, ಒಂದ್ ಕೇಳ್ಲಾ?" ಎಂದಳು.

ಏನು ಕೇಳುತ್ತಾಳೆಂದು ಗೌಹರಳಿಗೆ ಗೊತ್ತಿತ್ತು. ಅಬ್ಬಾ ಕದ್ರಾ? ಆ ಮಾತು ಮಗುವಿನ ಬಾಯಲ್ಲಿ ಬರುವುದನ್ನು ಅವಳು ತಡೆದುಕೊಳ್ಳಲಾರಳು.

"ಆಮೇಲೆ, ಬೇಟಾ. ಬಸ್ ಬಂತು."

*

ಎಲ್ಲರೂ ಹೋದ ಮೇಲೆ ಗೌಹರ್ ಗಂಡ ಕಸದ ಡ್ರಮ್ಮಿಗೆ ಎಸೆದಿದ್ದ ಆ ನೀಲಿ ಚಿಂದಿಯನ್ನು ಎತ್ತಿಕೊಂಡಳು. ಮಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದಳು. ಯಾಕೆ ಒರೆಸಿದಿರಿ ಎಂದು ಗಂಡನನ್ನು ಕೇಳಿದಳು.

"ಕೇಳಬೇಡ" ಎಂದ ಮನ್ಸೂರ್. ಹದಿಮೂರು ವರ್ಷದ ಸಂಸಾರದಲ್ಲಿ ಅವನು ಹಾಗೆ ಹೇಳಿದ್ದು ಅದೇ ಮೊದಲು.

ಅವಳಿಗೆ ಕಳ್ಳನ ಮೇಲಿನ ಸಿಟ್ಟಿಗಿಂತ ಆ ಮಾತಿನ ಭಯ ಹೆಚ್ಚಾಯಿತು. ಭಯ ಹಿಡಿದಾಗ ಕೈಗೆ ಕೆಲಸ ಕೊಡಬೇಕು. ಅವಳು ಮೇಜಿನ ಮೇಲಿದ್ದ ಮುರಿದ ಗೇರನ್ನೇ ನೋಡತೊಡಗಿದಳು.

ತಟ್ಟೆಯಂಥ ದೊಡ್ಡದು ಕ್ರೌನ್. ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಎರಡೂ ಕಾರ್ಖಾನೆಯಲ್ಲೇ ಒಂದಕ್ಕೊಂದು ಮಸೆದು ಹುಟ್ಟಿದ ಜೋಡಿ. ಇದರ ಕ್ರೌನ್ ಅದರ ಪಿನಿಯನ್‌ಗೆ ಹೊಂದದು. ಈ ಕೆಟ್ಟ ಜೋಡಿಯನ್ನೂ ಯಾರೋ ತಂತಿ ಸುತ್ತಿ ಒಟ್ಟಿಗೆ ಕಟ್ಟಿದ್ದರು. ಮೂರು ಸುತ್ತು. ತುದಿ ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಿಸಿತ್ತು.

ಪಕ್ಕದ ಗುಜರಿ ಅಂಗಡಿಯ ಕದಿರಪ್ಪನ ಮೇಲೆ ಬೀದಿಯವರ ಬೆರಳು ಆಗಲೇ ತಿರುಗಿತ್ತು. ಹಳೆಯ ಗೇರಿನ ರಾಶಿ ಇರುವುದು ಅವನ ಬಳಿಯೇ. ಗೌಹರ್ ಹೋಗಿ ಆ ರಾಶಿಯನ್ನು ನೋಡಿದಳು. ಕ್ರೌನ್ ಒಂದು ಕಡೆ, ಪಿನಿಯನ್ ಇನ್ನೊಂದು ಕಡೆ ಬಿದ್ದಿದ್ದವು.

"ತೂಕಕ್ಕೆ ಹಾಕೋ ಮಾಲಿಗೆ ಜೋಡಿ ಯಾಕಮ್ಮಾ? ಅವಕ್ಕೇನು ಮದುವೆ ಮಾಡ್ಬೇಕಾ?" ಎಂದ ಕದಿರಪ್ಪ.

ಸರಿಯೇ. ಮುರಿದ ಗೇರನ್ನೂ ಜೋಡಿ ತಪ್ಪಿಸದೆ ಕಟ್ಟುವವನು ಗುಜರಿಯವನಲ್ಲ. ಮಾರುವ ಕಳ್ಳನೂ ಅಲ್ಲ. ಮಾರುವವನಾದರೆ ಎರಡೂ ಪೆಟ್ಟಿಗೆ ಒಯ್ಯುತ್ತಿದ್ದ. ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಒಂದೇ ಲೆಕ್ಕದ ಗೇರು ಬೇಕು, ಒಂಟಿ ಜೋಡಿಗೆ ಬೆಲೆ ಕಡಿಮೆ. ಇವನು ಒಂದನ್ನೇ ತೆಗೆದುಕೊಂಡ. ಅವನಿಗೆ ಬೇಕಾದದ್ದೇ ಒಂದು.

ಗೇರು ಬಲ್ಲವನು. ಅಗತ್ಯ ಬಿದ್ದವನು. ಬೀಗದ ಕೀಲಿ ಎಲ್ಲಿರುತ್ತದೆಂದು ಗೊತ್ತಿದ್ದವನು. ಕೀಲಿ ಇರುತ್ತಿದ್ದುದು ಗೋಡೆಯ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ.

ಮೂರಕ್ಕೂ ಹೊಂದುವ ಒಬ್ಬನನ್ನು ಅವಳು ಬಲ್ಲಳು. ಹನ್ನೆರಡು ಗಂಟೆಗೆ ಯಲಹಂಕದ ಬಸ್ಸು ಹತ್ತಿದಳು.

*

ಜೀಷಾನನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಅತ್ತಿಗೆಗೆ ಸ್ಟೂಲು ಒರೆಸಿ ಕೊಟ್ಟ, ಟೀ ತರಿಸಿದ. ಸುದ್ದಿ ಆಗಲೇ ಮುಟ್ಟಿತ್ತು.

"ಭಾಬಿ, ನಾನು ಭಾಯ್ ಜೊತೆ ಜಗಳ ಆಡಿದೀನಿ. ಮತ್ತೆ ಆಡ್ತೀನಿ. ಅವನ ಬೀರು ಮುಟ್ತೀನಾ? ಅವನ ಕೈ ನೋಡಿ ಕಲಿತು ಅನ್ನ ಉಣ್ತಿರೋನು ನಾನು."

ಜಗಳ ಆಗಿದ್ದೇ ಅಣ್ಣನ ನಿಧಾನಕ್ಕೆ ಎಂದು ಅವನೇ ಹೇಳಿಕೊಂಡ. ಒಂದು ಗೇರು ಕೂರಿಸಲು ಮನ್ಸೂರ್ ಎರಡು ದಿನ ತೆಗೆದುಕೊಳ್ಳುತ್ತಾನೆ. ಕಾಗದದಷ್ಟು ತೆಳುವಾದ ತಗಡನ್ನು ಒಂದು ಇಡುತ್ತಾನೆ, ಒಂದು ತೆಗೆಯುತ್ತಾನೆ, ಬಣ್ಣ ಬಳಿದು ನೋಡುತ್ತಾನೆ, ಮತ್ತೆ ಬಿಚ್ಚುತ್ತಾನೆ. ಆಗ ಜೀಷಾನನಿಗೆ ಸಿಟ್ಟು ಬರುತ್ತಿತ್ತು. ಈಗ ತನ್ನ ಕೈಯ ಗಾಡಿ ಕೂಗಿಕೊಂಡು ವಾಪಸು ಬಂದಾಗಲೆಲ್ಲ ಅಣ್ಣನ ನಿಧಾನ ನೆನಪಾಗುತ್ತದೆ.

ಹೊರಡುವಾಗ ಗೌಹರ್ ಅವನ ನೀಲಿ ಪೇಸ್ಟನ್ನು ಒಂದು ಬಟ್ಟೆ ತುಂಡಿಗೆ ಹಚ್ಚಿಸಿಕೊಂಡಳು. ಕವರಿನ ಚಿಂದಿಯ ಪಕ್ಕ ಹಿಡಿದು ನೋಡಿದಳು. ಎರಡೂ ನೀಲಿಯೇ. ಬಸ್ಸಿನ ಕಿಟಕಿಯಲ್ಲಿ ಕೂತು ಮತ್ತೆ ಮತ್ತೆ ನೋಡಿದಳು. ಕಣ್ಣಿಗೆ ಭೇದ ಕಾಣಲಿಲ್ಲ.

*

ಮನೆಗೆ ಬಂದಾಗ ನಾಲ್ಕು ಗಂಟೆ. ಹಿತ್ತಲಲ್ಲಿ ಅಂಗಿ ಬಕೆಟ್ಟಿನಲ್ಲೇ ಇತ್ತು. ಬೆಳಗಿನಿಂದ ನೆಂದು ಥೇಟು ಮೈಲುತುತ್ತದ ಬಣ್ಣ ಬಂದಿತ್ತು.

ಗೌಹರ್ ತಲೆಯ ಮೇಲೆ ಕೈ ಇಟ್ಟುಕೊಂಡಳು. ಇನ್ನೊಂದು ಬಿಳಿ ಅಂಗಿ ಇಲ್ಲ. ಮಗು ನಾಳೆ ಏನು ಹಾಕಿಕೊಳ್ಳಬೇಕು? ನೀಲಿ ಹೆಚ್ಚಾದರೆ ಹುಳಿ ಎಂದಿದ್ದರು ಗೋಪಾಲಮ್ಮ. ಎರಡು ನಿಂಬೆಹಣ್ಣು ಕೊಯ್ದು ನೀರಿಗೆ ಹಿಂಡಿದಳು. ಅಂಗಿಯನ್ನು ಅದರಲ್ಲಿ ಅದ್ದಿ ಕಿವುಚಿದಳು.

ನೀಲಿ ಕರಗತೊಡಗಿತು. ಕಾಲರು ಬಿಳುಪಾಯಿತು, ತೋಳು ಬಿಳುಪಾಯಿತು. ನೀರಿನಿಂದ ಕೆಟ್ಟ ಮೊಟ್ಟೆಯಂಥ ವಾಸನೆ ಸಣ್ಣಗೆ ಎದ್ದಿತು.

ಗೌಹರಳ ಕೈ ನಿಂತುಬಿಟ್ಟಿತು.

ಅವಳು ಕವರು ತಂದಳು. ಗಂಡನ ಚಿಂದಿಯಿಂದ ಒಂದು ಚೂರು ಕತ್ತರಿಸಿದಳು. ಜೀಷಾನ್ ಕೊಟ್ಟದ್ದರಿಂದಲೂ ಒಂದು ಚೂರು. ಎರಡನ್ನೂ ಪೆಟ್ರೋಲಿನಲ್ಲಿ ಅದ್ದಿ ಎಣ್ಣೆ ಬಿಡಿಸಿದಳು. ಒಣಗಿದ ಮೇಲೆ ಎರಡು ಬಟ್ಟಲಲ್ಲಿಟ್ಟು ನಿಂಬೆರಸ ಹಿಂಡಿದಳು.

ಜೀಷಾನನ ನೀಲಿ ಜಪ್ಪಯ್ಯ ಎನ್ನಲಿಲ್ಲ. ಗಂಡನ ಚಿಂದಿಯ ನೀಲಿ ಅವಳ ಕಣ್ಣೆದುರೇ ಬಿಳಿಚಿಕೊಂಡಿತು. ಅದೇ ವಾಸನೆ.

ಗೇರಿನ ಹಲ್ಲಿಗೆ ಬಳಿದದ್ದು ಅಂಗಡಿಯ ಪೇಸ್ಟಲ್ಲ. ಬಟ್ಟೆಗೆ ಹಾಕುವ ನೀಲಿ.

ಬಟ್ಟೆಯ ನೀಲಿಯನ್ನು ಗೇರಿಗೆ ಬಳಿಯುವವರು ಯಾರು? ಹದಿಮೂರು ವರ್ಷದ ಹಿಂದಿನ ಒಂದು ನಗು ಅವಳ ಕಿವಿಗೆ ಬಂತು. ಫೋನ್ ತೆಗೆದು ಶೆಟ್ಟಿಹಳ್ಳಿಗೆ ಮಾಡಿದಳು. ಊಟ, ಆರೋಗ್ಯ ಎಲ್ಲ ಆದ ಮೇಲೆ, ನಿಮ್ಮ ಮನೆಯಲ್ಲಿ ನೀಲಿ ಬಟ್ಟೆಗೆ ಯಾಕೆ ಉಳಿಯುತ್ತಿರಲಿಲ್ಲ ಎಂದು ಕೇಳಿದಳು.

ಗೋಪಾಲಮ್ಮ ನಕ್ಕರು. "ನಿಮ್ ಮೇಷ್ಟ್ರು ಹರಳೆಣ್ಣೇಲಿ ಕಲಸ್ಕೊಂಡು ಗೇರಿಗೆ ಬಳ್ಕೊತಾರಲ್ಲಮ್ಮ. ಪೇಸ್ಟ್ ಸಿಗ್ದಿದ್ ಕಾಲದ್ ಅಭ್ಯಾಸ, ಇನ್ನೂ ಬಿಟ್ಟಿಲ್ಲ." ಆಮೇಲೆ ದನಿ ತಗ್ಗಿತು. ಎರಡು ದಿನದಿಂದ ಅವರು ಸರಿಯಾಗಿ ಊಟ ಮಾಡುತ್ತಿಲ್ಲ, ಕರೆದರೆ ಓಗೊಡುವುದಿಲ್ಲ ಎಂದರು. ಕಣ್ಣಿಗೆ ಪೊರೆ ಬಂದಿದೆ, ತೋರಿಸಿಕೊಳ್ಳಿ ಎಂದರೆ ರೇಗುತ್ತಾರೆ.

ಗೌಹರ್ ಫೋನಿಟ್ಟು ಗೋಡೆಯ ಕ್ಯಾಲೆಂಡರನ್ನು ನೋಡಿದಳು. ಅದರ ಹಿಂದೆ ಕೀಲಿ ಇಡುವುದನ್ನೂ ಮನ್ಸೂರ್ ಕಲಿತದ್ದು ಯಶವಂತಪುರದ ಆ ಷೆಡ್ಡಿನಲ್ಲೇ. ತಂತಿಯ ಮೂರು ಸುತ್ತು ಕೂಡ.

ಗಂಡ ಯಾಕೆ ಒರೆಸಿದನೆಂದು ಈಗ ತಿಳಿಯಿತು. ಮೂಗಿಗೆ ಹಿಡಿದಾಗಲೇ ಅವನಿಗೆ ಹರಳೆಣ್ಣೆ ಗೊತ್ತಾಗಿತ್ತು. ತನ್ನ ಹೆಸರು ಹೋದರೂ ಸರಿ, ಉಸ್ತಾದರ ಹೆಸರು ಉಳಿಯಲಿ ಎಂದು ಒರೆಸಿದ್ದ. ಅರ್ಧ ಗಳಿಗೆ ಅವನನ್ನೇ ಅನುಮಾನಿಸಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಇಂಥವನಿಗೆ ಬೆಳಿಗ್ಗೆ ಚಹಾ ಕೂಡ ಕೊಟ್ಟಿರಲಿಲ್ಲ.

"ಅಮ್ಮೀ" ಎಂದಳು ಜೋಯಾ, ಅಂಗಿಯ ತುದಿ ಹಿಡಿದು ಹಿಂಡಲು ನೆರವಾಗುತ್ತ. "ಈಗ ಕೇಳ್ಲಾ?"

"ನಾಳೆ ಕೇಳು ಕಂದಾ. ನಾಳೆ ಎಲ್ಲ ಸರಿಹೋಗತ್ತೆ."

*

ಶನಿವಾರ ಹತ್ತು ಗಂಟೆ. ವರ್ಕ್‌ಶಾಪಿನಲ್ಲಿ ಬೆಂಚು ಹಾಕಿತ್ತು. ರಾಮಕೃಷ್ಣಪ್ಪ, ಮುನೇಶ್, ಕದಿರಪ್ಪ, ಒಂದು ಮೂಲೆಯಲ್ಲಿ ಜೀಷಾನ್. ನಡುವಿನ ಕುರ್ಚಿಯಲ್ಲಿ ವೆಂಕಟರಾಮಯ್ಯ. ಎಪ್ಪತ್ತು ದಾಟಿದ ಜೀವ, ಬಿಳಿ ಪಂಚೆ, ಗಂಟುಗಂಟಾದ ಬೆರಳು. ಸ್ಕ್ರೂಡ್ರೈವರನ್ನು ಆಕ್ಸಲ್ಲಿಗೆ ಒತ್ತಿ ಅದರ ಹಿಡಿಯನ್ನು ಕಿವಿಗಿಟ್ಟುಕೊಂಡು ಇಂಥ ಹಲ್ಲು ಕೆಟ್ಟಿದೆ ಎಂದು ಹೇಳುತ್ತಿದ್ದವರು. ಅವರು ಕೂರಿಸಿದ ಗೇರು ಬೆಣ್ಣೆಯಲ್ಲಿ ಸುತ್ತಿದಂತೆ ತಿರುಗುತ್ತದೆ ಎಂಬ ಮಾತು ಯಶವಂತಪುರದಲ್ಲಿ ಇವತ್ತಿಗೂ ಇದೆ.

ರಾಮಕೃಷ್ಣಪ್ಪ ಮುರಿದ ಗೇರನ್ನು ಅವರ ಕೈಗಿಟ್ಟರು. ಯಾರ ಕೈಯದು, ನೋಡಿ ಹೇಳಬೇಕು ಎಂದರು.

ವೆಂಕಟರಾಮಯ್ಯ ಗೇರನ್ನು ನೋಡಲಿಲ್ಲ. ಬೆರಳಲ್ಲಿ ಸವರಿದರು. ಮುರಿದ ಹಲ್ಲಿನ ಮೇಲೆ ಬೆರಳು ನಿಂತಿತು. ಮನ್ಸೂರ್ ನೆಲ ನೋಡುತ್ತಿದ್ದ.

"ಹೇಳೋದು ಕಷ್ಟ" ಎಂದರು.

"ಹಾಗಾದ್ರೆ ಠಾಣೆಗೇ ಹೋಗೋಣ" ಎಂದ ಮುನೇಶ್.

"ಒಂದು ನಿಮಿಷ ಅಣ್ಣ" ಎಂದಳು ಗೌಹರ್. ಎಣ್ಣೆ ಬಿಡಿಸಿದ ಚಿಂದಿಯ ಚೂರುಗಳಿದ್ದ ಎರಡು ಬಟ್ಟಲು, ಒಂದು ನಿಂಬೆಹಣ್ಣು ತಂದು ಮೇಜಿನ ಮೇಲಿಟ್ಟಳು.

ಅವಳು ಯಾರ ಹೆಸರನ್ನೂ ಎತ್ತಲಿಲ್ಲ. ಮೊದಲು ತಂತಿಯ ಸುತ್ತು ತೋರಿಸಿದಳು. ಕೆಟ್ಟ ಗೇರಿನ ಜೋಡಿಯನ್ನೂ ಮಕ್ಕಳನ್ನು ಮಲಗಿಸಿದಂತೆ ಕಟ್ಟಿದ್ದಾರೆ, ಇದು ಗುಜರಿಯ ಕೈಯಲ್ಲ ಎಂದಳು. ಕದಿರಪ್ಪ ಎದೆ ಸೆಟೆದು ಕೂತ. ಎರಡರಲ್ಲಿ ಒಂದೇ ಪೆಟ್ಟಿಗೆ ಹೋಗಿದೆ, ಇದು ಆಸೆಯಲ್ಲ, ಅಗತ್ಯ ಎಂದಳು. ಬದಲಿಗೆ ಕೆಟ್ಟ ಗೇರು ಇಟ್ಟದ್ದು ಪೆಟ್ಟಿಗೆ ಹಗುರಾಗದಿರಲಿ ಎಂದು. ಕೆಲಸ ಮುಂದಿನ ತಿಂಗಳು ಎಂದು ತಿಳಿದಿದ್ದವರು, ಅಷ್ಟರಲ್ಲಿ ಹೊಸದು ತಂದಿಡುವ ಮನಸ್ಸಿದ್ದವರು ಮಾತ್ರ ಹಾಗೆ ಮಾಡುತ್ತಾರೆ. ಮುನೇಶಣ್ಣ ಅವಸರ ಮಾಡದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ನಿಂಬೆ ಹಿಂಡಿದಳು. ಒಂದು ಬಟ್ಟಲ ನೀಲಿ ಹಾಗೇ ಉಳಿಯಿತು. ಇನ್ನೊಂದು ಬಿಳಿಚಿತು. ಮುನೇಶ್ ಬಗ್ಗಿ ನೋಡಿದ, ಮೂಗು ಮುಚ್ಚಿಕೊಂಡ.

"ಉಳಿದದ್ದು ನನ್ನ ಮೈದುನಂದು. ಹೋಗಿದ್ದು ಈ ಗೇರಿಂದು. ಇದು ಬಟ್ಟೆ ಒಗೆಯೋ ನೀಲಿ ಅಣ್ಣ. ಜೀಷಾನಂದಲ್ಲ, ನಮ್ಮ ಯಜಮಾನ್ರದ್ದೂ ಅಲ್ಲ."

ಮನ್ಸೂರ್ ಹೆಂಡತಿಯ ಕಡೆ ನೋಡಿ, ಸಾಕು ಎನ್ನುವಂತೆ ತಲೆ ಅಲ್ಲಾಡಿಸಿದ.

"ನೀನ್ ಸುಮ್ನಿರೋ ಮನ್ಸೂರ್" ಎಂದರು ವೆಂಕಟರಾಮಯ್ಯ. ಗೇರನ್ನು ಮಡಿಲಲ್ಲಿಟ್ಟುಕೊಂಡರು. "ಸಾಕಮ್ಮ ಮಗಳೇ. ಅದು ನನ್ ನೀಲಿ. ನಾನೇ ತಗೊಂಡ್ ಹೋಗಿದ್ದು."

ಅಬ್ಬಿಗೆರೆಯ ಒಬ್ಬರ ಜೀಪಿಗೆ ಅವರು ಇಂಥದೇ ಗೇರು ಕೂರಿಸಿದ್ದರು. ಬಣ್ಣ ಬಳಿದು ನೋಡಿದಾಗ ಗುರುತು ನಡುವೆ ಬಿದ್ದಂತೆ ಕಂಡಿತ್ತು. ಬಿದ್ದಿದ್ದು ಅಂಚಿಗೆ. ಕಣ್ಣು ಮೋಸ ಮಾಡಿತ್ತು. ಹತ್ತು ದಿನ ಓಡಿ ಹಲ್ಲು ಮುರಿಯಿತು. ಐವತ್ತು ವರ್ಷದಲ್ಲಿ ಅವರ ಕೈಯಲ್ಲಿ ಮುರಿದ ಮೊದಲ ಹಲ್ಲು. ಗಾಡಿಯವನು ಬಂದು ನಿಂತರೆ ಏನು ಹೇಳುವುದು? ಮನ್ಸೂರನಿಗೆ ಇಂಥದೇ ಗೇರು ಬಂದಿದೆ, ಕೆಲಸ ಮುಂದಿನ ತಿಂಗಳು ಎಂದು ಯಾರೋ ಮಾತಿಗೆ ಹೇಳಿದ್ದರು. ಬುಧವಾರ ಸಂಜೆ ಅವರು ಬಂದಾಗ ಅವನು ಗಾಡಿ ಓಡಿಸಿ ನೋಡಲು ಹೋಗಿದ್ದ. ಗೌಹರ್ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಕ್ಯಾಲೆಂಡರಿನ ಹಿಂದೆ ಕೈ ಹಾಕಿದರೆ ಕೀಲಿ ಸಿಕ್ಕಿತು.

"ಹೊಸ ಗೇರು ನಮ್ಮನೆ ಮಂಚದ ಕೆಳಗೇ ಇದೆ. ಎಣ್ಣೆ ಕಾಗದ ಕೂಡ ಬಿಚ್ಚಿಲ್ಲ. ಕೂರಿಸೋಕ್ ಧೈರ್ಯ ಬರ್ಲಿಲ್ಲ" ಎಂದರು. ಆಮೇಲೆ ಶಿಷ್ಯನ ಕಡೆ ತಿರುಗಿದರು. "ಗೊತ್ತಾಗಿತ್ತು ಅಲ್ವೇನೋ ನಿಂಗೆ?"

ಮನ್ಸೂರ್ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಹದಿನೆಂಟರ ಹರೆಯದಲ್ಲಿ ಕೂರುತ್ತಿದ್ದ ಹಾಗೆ. "ನಿಮ್ ಕೈ ನಂಗೆ ಗೊತ್ತಾಗಲ್ವಾ ಉಸ್ತಾದ್" ಎಂದ, ಅಷ್ಟೇ.

ಮುನೇಶ್ ಎದ್ದು ಬಂದು ಮನ್ಸೂರನ ಹೆಗಲ ಮೇಲೆ ಕೈಯಿಟ್ಟ. ಕೈ ಬಹಳ ಹೊತ್ತು ಅಲ್ಲೇ ಇತ್ತು. ರಾಮಕೃಷ್ಣಪ್ಪ ತಮ್ಮ ಹಳೆಯ ಜೀಪನ್ನೊಮ್ಮೆ ನೋಡಿದರು, ಮುದುಕರನ್ನೊಮ್ಮೆ ನೋಡಿದರು.

"ನ್ಯಾಯ ಏಳೋಕೆ ಕರುಸಿದ್ದೆ. ಈಗ ನಾನೇ ಏಳ್ತೀನಿ" ಎಂದರು. "ನನ್ ಜೀಪಿನ ಗೇರು ಕೂರ್ಸೋವಾಗ ವೆಂಕಟರಾಮಯ್ಯನೋರು ಇಲ್ಲೇ ಕೂತಿರ್ಬೇಕು. ಕಣ್ಣು ಮನ್ಸೂರಂದು, ಕಿವಿ ಅವರದ್ದು. ಅಬ್ಬಿಗೆರೆ ಗಾಡೀನೂ ಇಲ್ಲಿಗೇ ತರ್ಲಿ. ಆಮೇಲೆ ಕಣ್ಣಾಸ್ಪತ್ರೆ, ಅದಕ್ಕೆ ಮುನೇಶ ಕರ್ಕೊಂಡೋಗ್ತಾನೆ. ಇದೇ ದಂಡ." ಗೌಹರಳ ಕಡೆ ತಿರುಗಿ, "ನಿಮ್ಮಂತೋರು ಇದ್ರೆ ಊರಿಗೆ ಠಾಣೆ ಯಾಕಮ್ಮ" ಎಂದರು.

ಜೀಷಾನ್ ಬಟ್ಟಲು ಎತ್ತಿ ಒಳಗಿಟ್ಟ. ಹಾಗೇ ಅಣ್ಣನ ಸ್ಪ್ಯಾನರುಗಳನ್ನು ಒರೆಸಿ ಸಾಲಾಗಿ ಜೋಡಿಸತೊಡಗಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಶಾಲೆಯಿಂದ ಜೋಯಾ ಬಂದಳು. ಶನಿವಾರ ಅರ್ಧ ದಿನ. ನಿಂಬೆ ಹುಳಿಯಲ್ಲಿ ತೊಳೆದ ಅಂಗಿ ಬಿಸಿಲಿಗೆ ಹಾಲಿನಂತಿತ್ತು. ಜಗುಲಿಯಲ್ಲಿ ವೆಂಕಟರಾಮಯ್ಯ ಒಬ್ಬರೇ ಕೂತಿದ್ದರು. ಬಂದಾಗಲೆಲ್ಲ "ಎಲ್ಲಿ ನನ್ ಬಿಳಿ ಪಾರಿವಾಳ" ಎಂದು ಕರೆದು ಕಡಲೆಮಿಠಾಯಿ ಕೊಡುತ್ತಿದ್ದವರು ಇವತ್ತು ಮುಖ ಆ ಕಡೆ ತಿರುಗಿಸಿದರು.

ಜೋಯಾ ಅಮ್ಮನ ಕಡೆ ನೋಡಿದಳು. ಈಗ ಕೇಳು ಎಂದು ಗೌಹರ್ ತಲೆಯಾಡಿಸಿದಳು. ಅಬ್ಬಾ ಕದ್ದಿಲ್ಲ ಎಂಬ ಉತ್ತರ ಅವಳ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು.

ಆದರೆ ಮಗು ಅವಳ ಬಳಿಗೆ ಬರಲಿಲ್ಲ. ಬ್ಯಾಗು ಇಳಿಸಿ ನೇರ ಹೋಗಿ ಮುದುಕರ ಮೊಣಕಾಲಿನ ಮುಂದೆ ನಿಂತಳು.

"ತಾತ, ಬುಧವಾರ ನೀವು ಭಾರದ ಚೀಲ ಇಟ್ಕೊಂಡು ಹೋಗ್ತಿದ್ರಲ್ಲ, ನಾನು ಈ ಬಾಗ್ಲಲ್ಲೇ ನಿಂತಿದ್ದೆ. ತಾತಾ ಅಂತ ಕರೆದೆ. ಯಾಕೆ ನನ್ ಮಾತಾಡಿಸ್ಲಿಲ್ಲ?"